ಉತ್ಖನನದ ಕೆಲಸಕ್ಕೆ ಸಂಬಳ ಇಷ್ಟು ಕಡಿಮೆ ಏಕೆ?

ಪ್ರಶ್ನೆ: ಪುರಾತತ್ವದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಎರಡು ಉತ್ಖನನಗಳಲ್ಲಿ ಸಂಬಳವಿಲ್ಲದೆ ದುಡಿದಿದ್ದೇನೆ. ಈಗ ಖಾಸಗಿ ಪುರಾತತ್ವ ಸಂಸ್ಥೆಯೊಂದು ಹೆದ್ದಾರಿ ಕಾಮಗಾರಿಗೆ ಮುನ್ನ ನಡೆಯುವ ಉತ್ಖನನಕ್ಕೆ ಮೂರು ತಿಂಗಳ ಗುತ್ತಿಗೆಯ ಮೇಲೆ ಕರೆದಿದೆ. ಅವರು ಹೇಳಿದ ಸಂಬಳ ಅದೇ ಜಾಗದಲ್ಲಿ ಮಣ್ಣು ತೆಗೆಯುವ ಯಂತ್ರ ಓಡಿಸುವವರ ಸಂಬಳಕ್ಕಿಂತ ಕಡಿಮೆ. ಕೇಳಿದರೆ, "ಈ ಕ್ಷೇತ್ರಕ್ಕೆ ಯಾರೂ ಹಣಕ್ಕಾಗಿ ಬರುವುದಿಲ್ಲ" ಎಂದರು. ವೃತ್ತಿ ಮಾನದಂಡ, ನೀತಿಸಂಹಿತೆ ಎಂದೆಲ್ಲ ತರಗತಿಯಲ್ಲಿ ಓದಿದ್ದೆವು. ಅವು ಸಂಬಳದ ಬಗ್ಗೆ ಏನಾದರೂ ಹೇಳುತ್ತವೆಯೇ? ಈ ಕೆಲಸ ಒಪ್ಪಿಕೊಳ್ಳಲೇ?

ಉತ್ತರ: ಹಣಕ್ಕಾಗಿ ಯಾರೂ ಬರುವುದಿಲ್ಲ ಎಂಬ ಮಾತನ್ನು ನಾನು ಕೇಳಿದ್ದೆಲ್ಲ ಸಂಬಳ ನಿಗದಿ ಮಾಡುವವರ ಬಾಯಿಂದಲೇ. ಕಂದಕದೊಳಗೆ ಮಂಡಿಯೂರಿ ಕುಳಿತವರು ಹಾಗೆ ಹೇಳಿದ ನೆನಪಿಲ್ಲ. ಆ ಉತ್ತರವನ್ನು ಪಕ್ಕಕ್ಕಿಡಿ.

ಯಂತ್ರ ಓಡಿಸುವವರೊಂದಿಗಿನ ಹೋಲಿಕೆ ಮಾತ್ರ ಕೆಲಸಕ್ಕೆ ಬರುವಂಥದ್ದು. ಅವರಿಗೆ ಹೆಚ್ಚಾಯಿತು ಎಂದಲ್ಲ, ಅವರಿಗೆ ಆ ಸಂಬಳ ಹೇಗೆ ದಕ್ಕಿತು ಎಂದು ನೋಡುವುದಕ್ಕೆ. ಯಂತ್ರ ಚಾಲಕರು ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು. ಅದಿಲ್ಲದವರನ್ನು ಕೂರಿಸಿ ಅಪಘಾತವಾದರೆ ಗುತ್ತಿಗೆದಾರ ಸಿಕ್ಕಿಬೀಳುತ್ತಾನೆ. ಅವರ ಹಿಂದೆ ಅನೇಕ ಕಡೆ ಬಲವಾದ ಕಾರ್ಮಿಕ ಸಂಘವೂ ಇರುತ್ತದೆ. ಪುರಾತತ್ವದಲ್ಲಿ ಅನುಮತಿ ಎಂಬುದು ಸಾಮಾನ್ಯವಾಗಿ ಒಂದು ಸ್ಥಳಕ್ಕೆ, ಒಬ್ಬ ನಿರ್ದೇಶಕರ ಹೆಸರಿನಲ್ಲಿ ಸಿಗುತ್ತದೆ. ಅವರ ಕೈಕೆಳಗೆ ಕರಣಿ ಹಿಡಿದು ಮಣ್ಣಿನ ಸ್ತರ ಬಿಡಿಸುವ ಇಪ್ಪತ್ತು ಜನ ಯಾರು, ಎಷ್ಟು ಕಲಿತವರು ಎಂದು ಕೇಳುವ ಕಾನೂನು ತೀರ ಅಪರೂಪ. ಯಾರನ್ನು ಬೇಕಾದರೂ ತಂದು ಕೂರಿಸಬಹುದಾದ ಜಾಗಕ್ಕೆ ಬೆಲೆ ಏರುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಇಂದು ಉತ್ಖನನವನ್ನು ಕೊಳ್ಳುವವರು ಯಾರು? ವಿಶ್ವವಿದ್ಯಾಲಯಗಳ ಸಂಶೋಧನಾ ಉತ್ಖನನ ಸುದ್ದಿಯಲ್ಲಿ ಕಾಣಿಸಿಕೊಳ್ಳುತ್ತದೆ ನಿಜ. ಆದರೆ ಅಮೆರಿಕ ಮತ್ತು ಯುರೋಪಿನ ಬಹುಭಾಗದಲ್ಲಿ ಈ ವಿದ್ಯೆಯ ಹೆಚ್ಚಿನ ಉದ್ಯೋಗಗಳು ಇರುವುದು ನಿಮ್ಮನ್ನು ಕರೆದಂಥ ಕೆಲಸದಲ್ಲಿ, ಅಂದರೆ ರಸ್ತೆ, ರೈಲು, ಅಣೆಕಟ್ಟು, ಕಟ್ಟಡಗಳಿಗೆ ಮುನ್ನ ನಡೆಯುವ ಉತ್ಖನನದಲ್ಲಿ. ಅಮೆರಿಕದಲ್ಲಿ ಇದಕ್ಕೆ ಬುನಾದಿ ಹಾಕಿದ್ದು 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯಿದೆ. ಇಂಗ್ಲೆಂಡಿನಲ್ಲಿ 1990ರ ನವೆಂಬರ್‌ನಲ್ಲಿ ಬಂದ ಯೋಜನಾ ಮಾರ್ಗಸೂಚಿಯೊಂದು, ಜಾಗವನ್ನು ಅಭಿವೃದ್ಧಿಪಡಿಸುವವನೇ ಅಲ್ಲಿನ ಪುರಾತತ್ವದ ಖರ್ಚನ್ನೂ ಹೊರಬೇಕು ಎಂಬ ಪದ್ಧತಿಯನ್ನು ಊರ್ಜಿತಗೊಳಿಸಿತು. 1992ರ ಜನವರಿಯಲ್ಲಿ ಮಾಲ್ಟಾದ ವ್ಯಾಲೆಟ್ಟಾದಲ್ಲಿ ಸಹಿಯಾದ ಯುರೋಪಿಯನ್ ಒಪ್ಪಂದ ಅದೇ ದಿಕ್ಕಿನಲ್ಲಿ ಇಡೀ ಖಂಡವನ್ನು ನಡೆಸಿತು. ಈ ನಿಯಮಗಳು ಬರದಿದ್ದರೆ ಎಷ್ಟೋ ನೆಲೆಗಳು ಯಾರ ಕಣ್ಣಿಗೂ ಬೀಳದೆ ಬುಲ್ಡೋಜರ್‌ನಡಿ ಹೋಗುತ್ತಿದ್ದವು. ನಿಮಗೆ ಬಂದ ಕರೆಯೂ ಬರುತ್ತಿರಲಿಲ್ಲ.

ಆದರೆ ಹಣ ಕೊಡುವ ನಿರ್ಮಾಣ ಸಂಸ್ಥೆಗೆ ಬೇಕಾಗಿರುವುದು ಇತಿಹಾಸವಲ್ಲ, ಕಾಮಗಾರಿ ಆರಂಭಿಸಲು ಅನುಮತಿ. ವಾಹನದ ಹೊಗೆ ತಪಾಸಣೆಗೆ ಹೋದವನು ಪ್ರಮಾಣಪತ್ರ ಕೈಗೆ ಬಂದರೆ ಸಾಕು ಎನ್ನುವಂತೆ, ವರದಿಯ ಒಳಗೆ ಏನಿದೆ ಎಂಬುದು ಅವರ ತಲೆನೋವಲ್ಲ. ಎರಡು ಪುರಾತತ್ವ ಸಂಸ್ಥೆಗಳು ಟೆಂಡರ್ ಹಾಕಿದರೆ, ಅನುಮತಿ ಕೊಡಿಸುವ ಮಟ್ಟಿಗೆ ಎರಡೂ ಒಂದೇ. ಉಳಿದದ್ದು ದರ. ನಾನು ಟೆಂಡರ್ ಪರಿಶೀಲಿಸುವ ಮೇಜಿನ ಆಚೆಗೂ ಈಚೆಗೂ ಕುಳಿತವನು. ಉತ್ಖನನದ ವೆಚ್ಚದಲ್ಲಿ ದೊಡ್ಡ ಪಾಲು ಜನರ ಸಂಬಳ. ಯಂತ್ರದ ಬಾಡಿಗೆ, ಇಂಧನ, ಇಂಗಾಲ ಕಾಲನಿರ್ಣಯಕ್ಕೆ ಪ್ರಯೋಗಾಲಯ ಕೇಳುವ ಶುಲ್ಕ, ಇವು ಯಾವುದೂ ಚೌಕಾಶಿಗೆ ಬಗ್ಗುವುದಿಲ್ಲ. ಎದುರಾಳಿಗಿಂತ ಕಡಿಮೆ ದರ ಹಾಕಬೇಕೆಂದರೆ ಕತ್ತರಿ ಬೀಳುವ ಜಾಗ ಎರಡೇ: ದಿನಗಳ ಸಂಖ್ಯೆ ಅಥವಾ ದಿನದ ಕೂಲಿ. ಬಹಳ ಸಲ ಎರಡೂ.

ಬೇಡಿಕೆ ಏರಿದರೆ ಸಂಬಳ ತಾನೇ ಏರುತ್ತದಲ್ಲವೇ ಎಂದು ನೀವು ಕೇಳಬಹುದು. ಅಷ್ಟು ಸುಲಭವಾಗಿ ಏರಿಲ್ಲ. ದೊಡ್ಡ ರೈಲು ಮತ್ತು ರಸ್ತೆ ಯೋಜನೆಗಳಿಂದಾಗಿ ಜನ ಸಾಲದೆ, 2019ರಲ್ಲಿ ಬ್ರಿಟನ್ ಸರ್ಕಾರ ಪುರಾತತ್ವಜ್ಞರನ್ನು ಕೊರತೆಯಿರುವ ವೃತ್ತಿಗಳ ಅಧಿಕೃತ ಪಟ್ಟಿಗೇ ಸೇರಿಸಿತು. ಕೊರತೆ ಎಂದು ಸರ್ಕಾರವೇ ಒಪ್ಪಿದ ಮೇಲೂ, ಅಷ್ಟೇ ಓದಿದ ಬೇರೆ ವೃತ್ತಿಗಳವರ ಸಂಬಳದ ಹತ್ತಿರ ಇವರ ಸಂಬಳ ಬರಲಿಲ್ಲ. ಟೆಂಡರ್ ದರ ಮೊದಲೇ ಗೊತ್ತಾಗಿರುತ್ತದೆ; ಆಮೇಲೆ ಜನ ಸಿಗದಿದ್ದರೆ ಸಂಸ್ಥೆ ಸಂಬಳ ಏರಿಸುವುದಿಲ್ಲ, ಇನ್ನಷ್ಟು ಹೊಸಬರನ್ನು ತೆಗೆದುಕೊಳ್ಳುತ್ತದೆ. ಮೇಲಾಗಿ ಈ ವೃತ್ತಿಯ ಏಳುಬೀಳು ನಿರ್ಮಾಣ ಉದ್ಯಮದ ಬಾಲಕ್ಕೆ ಕಟ್ಟಿಕೊಂಡಿದೆ. ಬ್ರಿಟನ್ನಿನಲ್ಲಿ ಈ ವೃತ್ತಿಯವರ ಸಂಖ್ಯೆಯನ್ನು ಕೆಲವು ವರ್ಷಗಳಿಗೊಮ್ಮೆ ಅಂದಾಜು ಮಾಡುತ್ತಾರೆ. 2007-08ರಲ್ಲಿ 6,865 ಇದ್ದದ್ದು, ಆರ್ಥಿಕ ಕುಸಿತದ ನಂತರ 2012-13ರ ಹೊತ್ತಿಗೆ 4,792ಕ್ಕೆ ಇಳಿಯಿತು. ಐದು ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಕಳೆದುಹೋದರು. ಅವರಲ್ಲಿ ಅನುಭವಿಗಳೂ ಇದ್ದರು. ಉದ್ಯಮ ಚೇತರಿಸಿಕೊಂಡಾಗ ಅವರೆಲ್ಲ ಮರಳಿ ಬರಲಿಲ್ಲ.

ಇದಕ್ಕೆಲ್ಲ ಹಳೆಯ ಅಭ್ಯಾಸವೊಂದರ ಬೆಂಬಲವೂ ಇದೆ. ಉತ್ಖನನವನ್ನು ಅಗ್ಗದ ಅಥವಾ ಪುಕ್ಕಟೆ ಶ್ರಮದ ಮೇಲೆ ನಡೆಸುವುದು ಈ ವಿದ್ಯೆಯ ಹುಟ್ಟುಗುಣ. 1930ರ ದಶಕದ ಮಹಾಕುಸಿತದಲ್ಲಿ ಅಮೆರಿಕ ಸಾವಿರಾರು ನಿರುದ್ಯೋಗಿಗಳನ್ನು ಪರಿಹಾರ ಕಾಮಗಾರಿಯ ಹೆಸರಿನಲ್ಲಿ ಉತ್ಖನನಕ್ಕೆ ಇಳಿಸಿತು. 1980ರ ದಶಕದ ಬ್ರಿಟನ್ನಿನಲ್ಲಿ ಎಷ್ಟೋ ಉತ್ಖನನಗಳು ನಡೆದದ್ದು ಸರ್ಕಾರದ ನಿರುದ್ಯೋಗ ಯೋಜನೆಗಳ ಹಣದಿಂದ. ಅದಕ್ಕೂ ಮೊದಲು ಶ್ರೀಮಂತರ ಹವ್ಯಾಸ, ಆಮೇಲೆ ವಿದ್ಯಾರ್ಥಿಗಳ ಬಿಟ್ಟಿ ಬೇಸಿಗೆ. ಇಂದಿಗೂ ಅನೇಕ ವಿಶ್ವವಿದ್ಯಾಲಯಗಳ ಕ್ಷೇತ್ರ ತರಬೇತಿಯಲ್ಲಿ ಮಣ್ಣು ಹೊರುವ ವಿದ್ಯಾರ್ಥಿಯೇ ಶುಲ್ಕವನ್ನೂ ಕಟ್ಟುತ್ತಾನೆ. ಕಲಿಕೆಗೆ ಶುಲ್ಕ ಎಂಬುದನ್ನು ಒಪ್ಪೋಣ. ಆದರೆ ಕಲಿಸುವವರು ಯಾರೂ ಹತ್ತಿರವಿಲ್ಲದೆ, ವರದಿಗೆ ಬೇಕಾದ ಕೆಲಸವನ್ನೇ ಸ್ವಯಂಸೇವಕರಿಂದ ಮಾಡಿಸಿಕೊಂಡರೆ ಅದು ತರಬೇತಿಯಲ್ಲ, ಸಂಬಳ ತಪ್ಪಿಸುವ ದಾರಿ. ಇದರಿಂದ ಮತ್ತೊಂದು ಕೆಡುಕು: ಎರಡು ವರ್ಷ ಪುಕ್ಕಟೆ ದುಡಿಯಲು ಮನೆಯ ಬೆಂಬಲ ಇರುವವರಷ್ಟೇ ಒಳಗೆ ಬರುತ್ತಾರೆ. ನೆಲದ ಕೆಳಗಿನ ಬಡವರ ಗುಡಿಸಲುಗಳ ಬಗ್ಗೆ ಬರೆಯುವವರಲ್ಲಿ ಬಡತನ ಕಂಡವರೇ ಇರುವುದಿಲ್ಲ.

ಕೂಲಿಗೂ ಕೆಲಸದ ಗುಣಮಟ್ಟಕ್ಕೂ ನಂಟಿದೆ ಎಂಬುದನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅರಿತವನು ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ. ಈಜಿಪ್ಟಿನಲ್ಲಿ ಅವನು ಕೂಲಿಯ ಜೊತೆಗೆ, ಕೆಲಸಗಾರನಿಗೆ ಸಿಕ್ಕಿದ ಪ್ರತಿ ವಸ್ತುವಿಗೂ ಪ್ರತ್ಯೇಕ ಬಹುಮಾನ ಕೊಡುತ್ತಿದ್ದ. ಉದಾರತೆ ಇದರ ಕಾರಣವಲ್ಲ. ಹಳೆಯ ವಸ್ತುಗಳ ವ್ಯಾಪಾರಿ ಕೊಡುವಷ್ಟನ್ನು ತಾನೂ ಕೊಡದಿದ್ದರೆ ವಸ್ತು ರಾತ್ರೋರಾತ್ರಿ ಮಾಯವಾಗುತ್ತದೆ, ಎಲ್ಲಿ ಸಿಕ್ಕಿತೆಂಬ ಮಾಹಿತಿಯೂ ಅದರೊಂದಿಗೇ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. 1890ರ ದಶಕದಲ್ಲಿ ಅವನು ಖುಫ್ತ್ ಊರಿನ ಜನರಿಗೆ ಕೊಟ್ಟ ತರಬೇತಿ ಎಷ್ಟು ನಿಂತಿತೆಂದರೆ, ಆ ಊರಿನ ಮನೆತನಗಳು ತಲೆಮಾರುಗಳವರೆಗೆ ಈಜಿಪ್ಟಿನ ಉತ್ಖನನಗಳ ಮೇಸ್ತ್ರಿಗಳಾಗಿ ಮುಂದುವರಿದವು. ಪ್ರಕಟಣೆಗಳಲ್ಲಿ ಮಾತ್ರ ಅವರ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ಈಗ ಮಾನದಂಡದ ಮಾತು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಹೇಳುತ್ತವೆ, ಆದರೆ ಪಿಸುದನಿಯಲ್ಲಿ. ಬ್ರಿಟನ್ನಿನ ವೃತ್ತಿಸಂಸ್ಥೆ 1982ರಲ್ಲಿ ಹುಟ್ಟಿ, 2014ರಲ್ಲಿ ರಾಜಸನ್ನದು ಪಡೆದು ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಫಾರ್ ಆರ್ಕಿಯಾಲಜಿಸ್ಟ್ಸ್ ಆಯಿತು. ಅದರ ನೀತಿಸಂಹಿತೆಯ ಐದನೇ ತತ್ವ ನೌಕರರು, ಸಹೋದ್ಯೋಗಿಗಳು ಮತ್ತು ಸಹಾಯಕರ ಉದ್ಯೋಗ ಷರತ್ತು, ಆರೋಗ್ಯ, ಸುರಕ್ಷತೆ, ಬೆಳವಣಿಗೆ, ಸಮಾನ ಅವಕಾಶ ಇವುಗಳಿಗೆ ಸದಸ್ಯರು ಬೆಲೆ ಕೊಡಬೇಕು ಎನ್ನುತ್ತದೆ. ಸದಸ್ಯತ್ವದ ಮೂರು ದರ್ಜೆಗಳಿಗೆ ಕನಿಷ್ಠ ಸಂಬಳವನ್ನೂ ಆ ಸಂಸ್ಥೆ ಪ್ರಕಟಿಸುತ್ತ ಬಂದಿದೆ. ಇದು ಒಳ್ಳೆಯದೇ, ಆದರೆ ಕನಿಷ್ಠ ಎಂದು ಬರೆದದ್ದನ್ನೇ ಅನೇಕ ಉದ್ಯೋಗದಾತರು ಗರಿಷ್ಠ ಎಂದು ಓದಿಕೊಳ್ಳುತ್ತಾರೆ. ಅಮೆರಿಕದಲ್ಲಿ ವೃತ್ತಿನಿರತ ಪುರಾತತ್ವಜ್ಞರ ನೋಂದಣಿ ಸಂಸ್ಥೆ 1998ರಲ್ಲಿ ಆರಂಭವಾಯಿತು. ಅದಕ್ಕೆ ದೂರು ವಿಚಾರಣೆಯ ವ್ಯವಸ್ಥೆಯೂ ಇದೆ. ಇಂಥ ವಿಚಾರಣೆಗಳಿಗೆ ಒಗ್ಗುವುದು ಬೇರೆಯವರ ಕೆಲಸ ಕದ್ದದ್ದು, ವರದಿ ಬರೆಯದೆ ಬಿಟ್ಟದ್ದು, ಅರ್ಹತೆಯಿಲ್ಲದೆ ಕೆಲಸ ಹಿಡಿದದ್ದು ಮುಂತಾದವು. ಸಂಬಳ ಕಡಿಮೆ ಕೊಟ್ಟರು ಎಂಬ ದೂರು ಅಲ್ಲಿ ನಿಲ್ಲುವುದು ಕಷ್ಟ.

ಈ ಸಂಕೋಚಕ್ಕೆ ಕಾನೂನಿನ ಕಾರಣವೂ ಉಂಟು, ತರಗತಿಯಲ್ಲಿ ಇದನ್ನು ಹೇಳಿರಲಿಕ್ಕಿಲ್ಲ. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಂಜಿನಿಯರುಗಳ ವೃತ್ತಿಸಂಘವೊಂದರ ವಿರುದ್ಧ ತೀರ್ಪು ನೀಡಿತು. ದರದ ಪೈಪೋಟಿಯಿಂದ ಕೆಲಸ ಕಳಪೆಯಾಗಿ ಜನರ ಸುರಕ್ಷತೆಗೆ ಕುತ್ತು ಬರುತ್ತದೆ ಎಂದು ವಾದಿಸಿ ಆ ಸಂಘ ತನ್ನ ಸದಸ್ಯರಿಗೆ ಪೈಪೋಟಿಯ ಟೆಂಡರನ್ನೇ ನಿಷೇಧಿಸಿತ್ತು. ಆ ನಿಷೇಧ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಅಂದಿನಿಂದ ಅಲ್ಲಿನ ವೃತ್ತಿಸಂಸ್ಥೆಗಳು ದರ ಎಂಬ ಪದದ ಹತ್ತಿರ ಸುಳಿಯಲೂ ಹೆದರುತ್ತವೆ. ಸಾಮೂಹಿಕವಾಗಿ ಕೂಲಿ ಕೇಳುವ ಹಕ್ಕು ಇರುವುದು ಕಾರ್ಮಿಕ ಸಂಘಕ್ಕೆ. ಹಾಗಾಗಿ ಬ್ರಿಟನ್ನಿನ ಪುರಾತತ್ವಜ್ಞರು ವೃತ್ತಿಸಂಸ್ಥೆಯ ಜೊತೆಗೆ ಪ್ರಾಸ್ಪೆಕ್ಟ್ ಎಂಬ ಸಂಘದ ಶಾಖೆಯಲ್ಲೂ ಸೇರಿಕೊಂಡಿದ್ದಾರೆ. ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 2001ರ ಕಾನೂನಿನ ಬಲದ ಮೇಲೆ ಇನ್ರಾಪ್ ಎಂಬ ಸಾರ್ವಜನಿಕ ಸಂಸ್ಥೆಯನ್ನು ಕಟ್ಟಿತು. ಅಲ್ಲಿ ಬಹಳ ಜನರಿಗೆ ಕಾಯಂ ಉದ್ಯೋಗ ದೊರೆಯಿತು. ಎರಡೇ ವರ್ಷದಲ್ಲಿ ಅಲ್ಲೂ ಉತ್ಖನನವನ್ನು ಸ್ಪರ್ಧೆಗೆ ತೆರೆದರು ಎಂಬುದು ಬೇರೆ ಮಾತು.

ನನ್ನ ಪಟ್ಟು ಏನೆಂದರೆ, ಸಂಬಳವನ್ನು ಹೊರಗಿಟ್ಟು ಬರೆದ ಗುಣಮಟ್ಟದ ಸಂಹಿತೆ ಅರ್ಧ ಸಂಹಿತೆ. ಅಗೆಯುವುದೆಂದರೆ ನೆಲೆಯನ್ನು ನಾಶ ಮಾಡುವುದು. ಆಮೇಲೆ ಉಳಿಯುವುದು ದಾಖಲೆಯೊಂದೇ. ಆ ದಾಖಲೆ ಹುಟ್ಟುವುದು ವರದಿಗೆ ಸಹಿ ಹಾಕುವ ನಿರ್ದೇಶಕರ ಕೊಠಡಿಯಲ್ಲಲ್ಲ, ಮಣ್ಣಿನ ಬಣ್ಣ ಎಲ್ಲಿ ಬದಲಾಯಿತು ಎಂದು ಆ ಕ್ಷಣ ನೋಡಿದವರ ಕಣ್ಣಿನಲ್ಲಿ. ಒಂದು ಗುಂಡಿ ಅದರ ಕೆಳಗಿನ ನೆಲಗಟ್ಟನ್ನು ಕೊರೆದು ಇಳಿದಿದೆಯೋ, ಅಥವಾ ನೆಲಗಟ್ಟೇ ಗುಂಡಿಯ ಮೇಲೆ ಹಾಸಿದ್ದೋ ಎಂಬುದು ತೀರ್ಮಾನವಾಗುವುದು ಕರಣಿಯ ನಾಲ್ಕು ಎಳೆತದಲ್ಲಿ. ತಪ್ಪಿದರೆ ನೂರು ವರ್ಷಗಳ ವ್ಯತ್ಯಾಸ, ಮತ್ತೆ ನೋಡಲು ಆ ಮಣ್ಣು ಇರುವುದಿಲ್ಲ. ಹದಿನೈದು ದಿನದ ಕೆಲಸವನ್ನು ಒಂಬತ್ತು ದಿನಕ್ಕೆ ಇಳಿಸಿದಾಗ ಏನಾಗುತ್ತದೆ ಎಂದು ಕಂಡಿದ್ದೇನೆ. ಬೇರೆ ಬೇರೆ ಸಂಖ್ಯೆ ಕೊಟ್ಟು ದಾಖಲಿಸಬೇಕಾದ ಎರಡು ಸ್ತರ ಒಂದೇ ಸಂಖ್ಯೆಯಡಿ ಸೇರುತ್ತವೆ, ಕಂದಕದ ಗೋಡೆಯ ಚಿತ್ರ ಬರೆಯುವ ಬದಲು ಒಂದು ಫೋಟೊ ತೆಗೆಯುತ್ತಾರೆ, ಬೀಜ ಮತ್ತು ಇದ್ದಿಲಿಗಾಗಿ ಮಣ್ಣಿನ ಮಾದರಿ ತೆಗೆಯುವುದನ್ನು ಮರೆಯುತ್ತಾರೆ. ವರದಿ ಓದುವವನಿಗೆ ಇದ್ಯಾವುದೂ ಕಾಣುವುದಿಲ್ಲ. ಇದ್ದದ್ದೇ ಅಷ್ಟು ಎಂದುಕೊಳ್ಳುತ್ತಾನೆ. ಒಂದು ಪ್ರದೇಶದ ಮಣ್ಣು ಒಣಗಿದಾಗ ಹೇಗೆ, ಮಳೆ ಬಿದ್ದಾಗ ಹೇಗೆ ಎಂದು ಕಲಿಯಲು ವರ್ಷಗಳು ಬೇಕು. ಅಷ್ಟು ಕಲಿತವರು ಮನೆ, ಮಕ್ಕಳು ಎನ್ನುವ ವಯಸ್ಸಿಗೆ ಬಂದಾಗ ಈ ಸಂಬಳದಲ್ಲಿ ಆಗದೆಂದು ಬಿಟ್ಟುಹೋಗುತ್ತಾರೆ. ಅವರ ಜಾಗಕ್ಕೆ ಮತ್ತೊಬ್ಬ ಹೊಸಬ.

ದೇಹದ ಬಗ್ಗೆಯೂ ಹೇಳಬೇಕು, ಏಕೆಂದರೆ ಸಂಬಳದ ಮಾತಿನಲ್ಲಿ ಇದು ಮರೆತುಹೋಗುತ್ತದೆ. ಮಂಡಿ ಮತ್ತು ಸೊಂಟ ಮೊದಲು ಹೋಗುತ್ತವೆ. ಅದಕ್ಕಿಂತ ತುರ್ತಿನದು ಕಂದಕದ ಗೋಡೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಕುಸಿದರೆ ಎದೆಯವರೆಗೆ ಹೂತವನಿಗೂ ಉಸಿರಾಡಲಾಗುವುದಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಂತೆ ಐದು ಅಡಿ, ಅಂದರೆ ಸುಮಾರು ಒಂದೂವರೆ ಮೀಟರ್ ಆಳ ದಾಟಿದರೆ, ಗಟ್ಟಿ ಬಂಡೆಯನ್ನು ಬಿಟ್ಟು ಬೇರೆಲ್ಲ ಕಡೆ ಗೋಡೆಗೆ ಆಧಾರ ಕೊಡಬೇಕು ಅಥವಾ ಇಳಿಜಾರಾಗಿ ಕಡಿಯಬೇಕು. ನೇರವಾಗಿ ಕಡಿದ ಚೆಂದದ ಗೋಡೆ ನಮ್ಮ ವಿದ್ಯೆಯ ಹೆಮ್ಮೆ, ಆ ಹೆಮ್ಮೆಯೇ ಇಲ್ಲಿ ಅಪಾಯ. ಮಣ್ಣಿನೊಳಗಿನ ರೋಗವೂ ಇದೆ. 2001ರ ಜೂನ್‌ನಲ್ಲಿ ಅಮೆರಿಕದ ಯೂಟಾದ ಡೈನೊಸಾರ್ ರಾಷ್ಟ್ರೀಯ ಸ್ಮಾರಕದಲ್ಲಿ ಪುರಾತತ್ವ ಕೆಲಸ ಮಾಡುತ್ತಿದ್ದ ಹತ್ತು ಜನ ಧೂಳಿನಲ್ಲಿದ್ದ ಶಿಲೀಂಧ್ರದಿಂದ ವ್ಯಾಲಿ ಜ್ವರ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾದರು.

ಇನ್ನೊಂದು ಅಪಾಯ ಮನುಷ್ಯರದ್ದು. ಕ್ಷೇತ್ರಕಾರ್ಯ ನಡೆಸುವ ವಿಜ್ಞಾನಗಳ 666 ಜನರನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಉತ್ತರಿಸಿದವರ ಪೈಕಿ ಶೇ. 64ರಷ್ಟು ಜನ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿಯೂ, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿಯೂ ಹೇಳಿದರು. ಪುರಾತತ್ವದವರೂ ಅವರಲ್ಲಿದ್ದರು. ಮೂರು ತಿಂಗಳ ಗುತ್ತಿಗೆ, ದೂರದ ಶಿಬಿರ, ಮುಂದಿನ ಕೆಲಸಕ್ಕೆ ಶಿಫಾರಸು ಮಾಡಬೇಕಾದವನೇ ಮೇಲ್ವಿಚಾರಕ: ಬಾಯಿ ಮುಚ್ಚಿಸಲು ಇಷ್ಟು ಸಾಕು. ಉದ್ಯೋಗದ ಅಭದ್ರತೆಯೂ ಸುರಕ್ಷತೆಯ ವಿಷಯವೇ ಎಂದು ನಾನು ಹೇಳುವುದು ಇದಕ್ಕೆ. ಅಮೆರಿಕದ ಪುರಾತತ್ವ ಸೊಸೈಟಿ 1996ರಲ್ಲಿ ಒಪ್ಪಿದ ಎಂಟು ನೀತಿತತ್ವಗಳಿಗೆ, ಸುರಕ್ಷಿತ ಕಲಿಕೆ ಮತ್ತು ಕೆಲಸದ ವಾತಾವರಣ ಎಂಬ ಒಂಬತ್ತನೆಯದನ್ನು ಸೇರಿಸಲು ಇಪ್ಪತ್ತು ವರ್ಷ ಬೇಕಾಯಿತು.

ಇನ್ನು ನಿಮಗೆ ಬಂದ ಕರೆ. ಸಂಬಳ ಕಡಿಮೆ ಎಂಬ ಒಂದೇ ಕಾರಣಕ್ಕೆ ಬಿಡಿ ಎನ್ನುವಷ್ಟು ನಾನು ಧಾರಾಳಿಯಲ್ಲ. ಮನೆ ಬಾಡಿಗೆ ಕಟ್ಟುವವರು ನೀವು. ಆದರೆ ಒಪ್ಪುವ ಮೊದಲು ತಿಂಗಳ ಸಂಬಳವನ್ನು ನೋಡುವುದು ಬಿಟ್ಟು ನಿಜವಾದ ಗಂಟೆಗಳಿಗೆ ಭಾಗಿಸಿ. ವಸತಿಯಿಂದ ಸ್ಥಳಕ್ಕೆ ಹೋಗಿಬರುವ ಸಮಯ, ಸಂಜೆ ಚೂರುಗಳನ್ನು ತೊಳೆದು ಸಂಖ್ಯೆ ಹಾಕುವ ಸಮಯ, ಮಳೆ ಬಂದು ಕೆಲಸ ನಿಂತ ದಿನ, ಇವುಗಳಿಗೆ ಸಂಬಳ ಇದೆಯೇ ಎಂದು ಬರಹದಲ್ಲಿ ಕೇಳಿ. ವಸತಿ ಮತ್ತು ಊಟದ ಭತ್ಯೆ ಸಂಬಳದ ಜೊತೆಗೋ, ಸಂಬಳದ ಒಳಗೋ ಎಂಬುದರಲ್ಲಿ ದೊಡ್ಡ ಮೋಸ ಅಡಗಿರುತ್ತದೆ. ಬೂಟು, ಶಿರಸ್ತ್ರಾಣ, ಮಂಡಿಗೆ ಕಟ್ಟುವ ಮೆತ್ತೆ ನಿಮ್ಮ ಖರ್ಚಾಗಬಾರದು.

ನಿಮ್ಮನ್ನು ನೌಕರರೆಂದು ತೆಗೆದುಕೊಳ್ಳುತ್ತಾರೋ, ಸ್ವತಂತ್ರ ಗುತ್ತಿಗೆದಾರರೆಂದೋ ಎಂಬುದು ಎಲ್ಲಕ್ಕಿಂತ ಮುಖ್ಯ. ದಿನಾ ಬೆಳಿಗ್ಗೆ ಇಷ್ಟು ಗಂಟೆಗೆ ಬಾ, ಇಲ್ಲಿ ಅಗೆ, ಹೀಗೆ ಬರೆ ಎಂದು ಅವರೇ ಹೇಳುವುದಾದರೆ ನೀವು ಸ್ವತಂತ್ರರಲ್ಲ. ಆ ಹೆಸರು ಕೊಟ್ಟರೆ ವಿಮೆ, ರಜೆ, ಗಾಯದ ಪರಿಹಾರ ಎಲ್ಲ ನಿಮ್ಮ ತಲೆಗೆ ಬರುತ್ತದೆ. ಕಂದಕ ಎಷ್ಟು ಆಳ ಹೋಗಲಿದೆ, ಗೋಡೆಗೆ ಆಧಾರ ಕೊಡುವ ಹೊಣೆ ಯಾರದು, ಕಿರುಕುಳದ ದೂರು ಸ್ಥಳದ ಮೇಲ್ವಿಚಾರಕರನ್ನು ಬಿಟ್ಟು ಬೇರೆ ಯಾರಿಗೆ ಕೊಡಬಹುದು ಎಂದೂ ಕೇಳಿ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಸಂಸ್ಥೆಯಾದರೆ, ಸಂಬಳ ಎರಡರಷ್ಟಿದ್ದರೂ ಹೋಗಬೇಡಿ. ಮೊದಲ ಎರಡು ವಾರ ಪರೀಕ್ಷಾರ್ಥವಾಗಿ ಸಂಬಳವಿಲ್ಲ ಎಂದರೂ ಅಷ್ಟೇ. ನೀವು ಈಗಾಗಲೇ ಎರಡು ಉತ್ಖನನಗಳಲ್ಲಿ ಪರೀಕ್ಷೆ ಮುಗಿಸಿದ್ದೀರಿ.

ಉತ್ತರಗಳು ಸರಿಯಿದ್ದರೆ ಹೋಗಿ, ಆದರೆ ಉತ್ಖನನಾನಂತರದ ಕೆಲಸದಲ್ಲಿ ಪಾಲು ಕೇಳಿ. ಅಗೆತ ಮುಗಿದ ಮೇಲೆ ಮಡಕೆ ಚೂರು, ಮೂಳೆ, ಮಣ್ಣಿನ ಮಾದರಿಗಳ ಅಧ್ಯಯನ ಮತ್ತು ವರದಿ ಬರೆಯುವುದು ಅಗೆತದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ. ಕ್ಷೇತ್ರದ ಗುತ್ತಿಗೆಗಳು ಅದಕ್ಕೆ ಮೊದಲೇ ಮುಗಿಯುವಂತೆ ಬರೆದಿರುತ್ತಾರೆ. ಕೆಲವು ವಾರಗಳ ಕೆಲಸ ಸಿಕ್ಕಿದರೂ ಒಂದು ವಿಶೇಷ ಪರಿಣತಿಗೆ ಕಾಲಿಡಬಹುದು. ಮೂಳೆ, ಮಡಕೆ, ಅಗೆಯದೆಯೇ ನೆಲದೊಳಗನ್ನು ಉಪಕರಣದಿಂದ ಅಳೆಯುವ ಭೂಭೌತ ಸಮೀಕ್ಷೆ, ನಕಾಶೆ ತಂತ್ರಾಂಶ, ಯಾವುದಾದರೂ ಸರಿ. ಈ ವೃತ್ತಿಯಲ್ಲಿ ಚೌಕಾಶಿಗೆ ಬಲ ಬರುವುದು ನಿಮ್ಮ ಬದಲಿಗೆ ಇನ್ನೊಬ್ಬರನ್ನು ನಾಳೆಯೇ ತರಲಾಗದು ಎಂಬ ಸ್ಥಿತಿ ಬಂದಾಗ. ಊರಿನಲ್ಲಿ ಈ ವೃತ್ತಿಯವರ ಸಂಘವಿದ್ದರೆ ಮೊದಲ ಸಂಬಳದಲ್ಲೇ ಸದಸ್ಯತ್ವ ಪಡೆಯಿರಿ. ಇಲ್ಲದಿದ್ದರೆ ಅದೇ ಸ್ಥಳದ ಸಹೋದ್ಯೋಗಿಗಳಿಗೆ ನಿಮ್ಮ ಸಂಬಳ ಎಷ್ಟೆಂದು ಹೇಳಿ, ಅವರದನ್ನೂ ಕೇಳಿ. ಉದ್ಯೋಗದಾತರು ಇಷ್ಟಪಡದ ಸಂಭಾಷಣೆ ಇದೊಂದೇ.

ಗುತ್ತಿಗೆ ಮುಗಿದಾಗ ಕೊಡುವ ಪತ್ರದಲ್ಲಿ "ಉತ್ಖನನದಲ್ಲಿ ಭಾಗವಹಿಸಿದ್ದಾರೆ" ಎಂಬ ಒಂದು ಸಾಲನ್ನು ಒಪ್ಪಿಕೊಳ್ಳಬೇಡಿ. ಯಾವ ಕಂದಕ, ಎಷ್ಟು ಸ್ತರಗಳ ದಾಖಲೆ, ಯಾವ ಚಿತ್ರಗಳು, ಎಷ್ಟು ಜನರ ಮೇಲ್ವಿಚಾರಣೆ ಎಂದು ಬಿಡಿಸಿ ಬರೆಸಿಕೊಳ್ಳಿ. ವರದಿಯಲ್ಲಿ ನಿಮ್ಮ ಹೆಸರು ಎಲ್ಲಿ ಬರುತ್ತದೆ ಎಂಬುದನ್ನೂ ಅದೇ ದಿನ ಇತ್ಯರ್ಥ ಮಾಡಿಕೊಳ್ಳಿ.